ಅತ್ತೆಯ ಹೆಸರಿನ ಗ್ರೈಂಡರು

ಮೊನ್ನೆ ಮೈಸೂರಿನ ಪಾತ್ರೆ ಅಂಗಡಿಯೊಂದರಲ್ಲಿ ಕುಕ್ಕರು ಕೊಂಡೆವು. ಕೊಂಡೆವು ಎಂದರೆ, ಆರಿಸಿದವಳು ನನ್ನ ಹೆಂಡತಿ ಶಾರದೆ, ಚೀಲ ಹಿಡಿದು ನಿಂತವನು ನಾನು. ಗಲ್ಲಾದಲ್ಲಿದ್ದ ಹೆಂಗಸು ಬಿಲ್ಲಿನ ಪುಸ್ತಕ ತೆರೆದು, "ಯಾರ ಹೆಸರಿಗೆ ಬರೀಲಿ ಸಾರ್?" ಎಂದರು. ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಒಳಗೆಲ್ಲೋ ಪಾತ್ರೆಯ ಮೇಲೆ ಹೆಸರು ಕೊರೆಯುವ ಮಿಷನ್ನು ಝುಂಯ್ ಎಂದಿತು. ನೀವೂ ಕೇಳಿರುತ್ತೀರಿ, ಹಲ್ಲು ಜುಮ್ಮೆನ್ನಿಸುವ ಸದ್ದು ಅದು. ನನಗೆ ಅದರ ಜೊತೆ ನೆನೆಸಿದ ಉದ್ದಿನಬೇಳೆಯ ವಾಸನೆಯೂ ಬರುತ್ತದೆ. ಬಾಯಿ ತೆರೆದವನು ಹಾಗೇ ನಿಂತುಬಿಟ್ಟೆ.

ಗಂಜಾಂನಲ್ಲಿ ನನ್ನ ಸೋದರತ್ತೆ ಪುಟ್ಟಲಕ್ಷ್ಮಮ್ಮನ ಮನೆಯಿದೆ. ಮಾವ ತೀರಿಕೊಂಡ ಮೇಲೆ ಅತ್ತೆ ನಿಮಿಷಾಂಬ ಗುಡಿಯ ದಾರಿಯಲ್ಲಿ ಬೆಳಗಿನ ಹೊತ್ತು ಇಡ್ಲಿ ಮಾರುವುದಕ್ಕೆ ಶುರುಮಾಡಿದಳು. ಆಫೀಸಿಗೆ ರಜೆ ಸಿಕ್ಕಾಗ ನಾನು ಅಲ್ಲಿಗೆ ಹೋಗಿ ಮಲಗುತ್ತಿದ್ದೆ. ಹೋಗಿ ಏನು ಮಾಡುತ್ತಿದ್ದೆ ಎಂದು ಕೇಳಬೇಡಿ, ಮಲಗುತ್ತಿದ್ದೆ ಅಷ್ಟೆ. ಹಿತ್ತಲ ಆಚೆ ಕಾವೇರಿ. ಮಂಜು ಮೆಲ್ಲಗೆ ಮೇಲೆ ಬಂದು ಬೇಲಿಯನ್ನೂ ದಾಸವಾಳದ ಗಿಡವನ್ನೂ ಅಳಿಸಿಹಾಕುತ್ತಿತ್ತು. ಅರೆನಿದ್ದೆಯಲ್ಲಿ ಹೊಳೆ ಎಲ್ಲಿ ಮುಗಿಯಿತು, ಅಂಗಳ ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಇಡ್ಲಿಯ ಹಬೆ ಮೂಗಿಗೆ ಬಡಿದಾಗ ಮಾತ್ರ ಎದ್ದು ಕೂರುತ್ತಿದ್ದೆ.

ಆ ಮನೆಯ ಪಾತ್ರೆಗಳನ್ನು ಓದುತ್ತಾ ಕೂರುವುದು ನನ್ನ ಇನ್ನೊಂದು ಕೆಲಸ. ನಮ್ಮ ಕಡೆ ಪಾತ್ರೆ ಕೊಂಡರೆ ಹೆಸರು ಹಾಕಿಸದೆ ಮನೆಗೆ ತರುವುದಿಲ್ಲ, ಮದುವೆ ಮುಂಜಿಗೆ ಕೊಟ್ಟು ತರುವಾಗ ಅದಲುಬದಲಾಗಬಾರದಲ್ಲ. ಕೊಳದಪ್ಪಲೆಯ ಮೇಲೆ ಅತ್ತೆಯ ಮಾವನವರ ಹೆಸರು, ಚೊಂಬಿನ ಮೇಲೆ ಗಂಡನ ಹೆಸರು, ತಟ್ಟೆಗಳ ಮೇಲೆ ಮದುವೆಗೆ ಮುಯ್ಯಿ ಕೊಟ್ಟವರ ಹೆಸರು. ನಲವತ್ತು ವರ್ಷ ಅಷ್ಟನ್ನೂ ಹುಣಸೆಹಣ್ಣು ಹಾಕಿ ಬೆಳಗಿದವಳ ಹೆಸರು ಒಂದು ಸೌಟಿನ ಮೇಲೂ ಇರಲಿಲ್ಲ. ಅದು ನನ್ನ ಕಣ್ಣಿಗೂ ಬಿದ್ದಿರಲಿಲ್ಲ, ಸುಳ್ಳೇಕೆ ಹೇಳಲಿ.

ಹಾಗಾಗಿ ಇಡ್ಲಿಯ ದುಡ್ಡು ಕೂಡಿಸಿ ಪಟ್ಟಣದ ಅಂಗಡಿಯಲ್ಲಿ ಗ್ರೈಂಡರು ಕೊಂಡ ದಿನ ಅತ್ತೆ ಅದರ ಸ್ಟೀಲು ಪಾತ್ರೆಯ ಮೇಲೆ ತನ್ನ ಹೆಸರು ಹಾಕಬೇಕೆಂದಳು. ಅಂಗಡಿಯವರು ಐವತ್ತು ದಾಟಿದ, ಮೆದು ಮಾತಿನ ಮನುಷ್ಯ, ದುಂಡಗಿನ ಅಕ್ಷರಕ್ಕೆ ಸುತ್ತಲೆಲ್ಲ ಹೆಸರಾದವರು. ಉದ್ದವಾಯಿತು, ಲಕ್ಷ್ಮಮ್ಮ ಅಂತ ಹಾಕಿದರೆ ಸಾಲದೇ ಎಂದರಂತೆ. ಅತ್ತೆ ಒಪ್ಪಲಿಲ್ಲ. ಪುಟ್ಟಲಕ್ಷ್ಮಮ್ಮ, ಗಂಜಾಂ, ಕೆಳಗೆ ಅಂದಿನ ತಾರೀಖು, ಎಲ್ಲವನ್ನೂ ಬರೆಸಿಕೊಂಡೇ ಆಟೋ ಹತ್ತಿದಳು.

ನಾಲ್ಕನೇ ತಿಂಗಳಿಗೆ ಮೋಟಾರು ಸುಟ್ಟುಹೋಯಿತು. ಒಂದು ವರ್ಷದ ಗ್ಯಾರಂಟಿ ಇದೆಯಲ್ಲ ಎಂದು ನಾನು ಕಾಲು ಚಾಚಿಕೊಂಡೇ ಧೈರ್ಯ ಹೇಳಿದೆ. ಬಿಲ್ಲು ಎಲ್ಲಿ ಎಂದರೆ ಅತ್ತೆ ಹೊಳೆಯ ಕಡೆ ನೋಡಿದಳು. ಹೊಸ ಸಾಮಾನಿಗೆ ಪೂಜೆ ಮಾಡುವಾಗ ಬಿಲ್ಲಿಗೂ ಕುಂಕುಮವಿಟ್ಟು ಅಮ್ಮನವರ ಪಟದ ಕೆಳಗೆ ಇಟ್ಟಿದ್ದಳು. ಶುಕ್ರವಾರ ಒಣಗಿದ ಹೂವನ್ನೆಲ್ಲ ಬಾಚಿ, ಕಾಲಿಗೆ ಸಿಗಬಾರದೆಂದು ಕಾವೇರಿಗೆ ಬಿಟ್ಟಾಗ, ಗ್ಯಾರಂಟಿ ಕಾರ್ಡಿನ ಸಮೇತ ಬಿಲ್ಲೂ ಹೂವಿನ ಹಿಂದೆ ಹೋಗಿತ್ತು. ಭಕ್ತಿಯಿಂದ ಬಿಲ್ಲು ಕಳೆದವರು ನಮ್ಮ ವಂಶದಲ್ಲಿ ಇವಳೇ ಮೊದಲಿರಬೇಕು.

ಅಂಗಡಿಯವರು ಬಿಲ್ಲಿಲ್ಲದೆ ಆಗುವುದಿಲ್ಲ ಎಂದಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಅತ್ತೆ ಮತ್ತೆ ಮತ್ತೆ ಹೋದಾಗ ಅವರಿಗೆ ಬೇಸರವಾಗಿ, ಇದು ನಮ್ಮಲ್ಲಿ ಕೊಂಡದ್ದೇ ಅಲ್ಲ, ಬೇರೆ ಎಲ್ಲೋ ತಗೊಂಡಿರಬೇಕು ಎಂದುಬಿಟ್ಟರು. ಬುಡು ಅತ್ತೆ, ಮೋಟಾರು ನಾನೇ ಕಟ್ಟಿಸಿಕೊಡ್ತೀನಿ ಎಂದೆ. ಅವಳು ಬಂದು ನನ್ನ ಕಾಲ ಬಳಿ ಕೂತಳು.

"ಮೋಟ್ರು ಓಯ್ತು, ಓಗ್ಲಿ ಬುಡು," ಎಂದಳು ಆಮೇಲೆ. "ನನ್ ಎಸ್ರು ಇರಾದು ಅದೊಂದೇ ಕಣ್ಲಾ. ಅದ್ನೂ ನಂದಲ್ಲ ಅಂದ್ಬುಟ್ನಲ್ಲ."

ನನಗೆ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಎದ್ದು ವಿಚಾರಿಸಿದೆ. ಬಿಲ್ಲು ಕಳೆದರೆ ಹಕ್ಕು ಕಳೆಯುವುದಿಲ್ಲ, ಕೊಂಡದ್ದಕ್ಕೆ ಬೇರೆ ಸಾಕ್ಷಿಯಿದ್ದರೂ ನಡೆಯುತ್ತದೆ. ಮೊದಲು ಅಂಗಡಿಗೆ ರಿಜಿಸ್ಟರ್ ಅಂಚೆಯಲ್ಲಿ ನೋಟಿಸು ಕಳಿಸುವುದು ಒಳ್ಳೆಯದು. ಅದಕ್ಕೂ ಬಗ್ಗದಿದ್ದರೆ ಮಂಡ್ಯದ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ವಕೀಲರು ಬೇಕೇಬೇಕೆಂದಿಲ್ಲ, ಇಷ್ಟು ಸಣ್ಣ ಬಾಬತ್ತಿಗೆ ಶುಲ್ಕವೂ ಇಲ್ಲ. ಮೂವತ್ತು ವರ್ಷ ಆಫೀಸಿನಲ್ಲಿ ಕಡತ ಬರೆದ ನಾನು ಇದೊಂದೂ ಗೊತ್ತಿಲ್ಲದೆ ಬುಡು ಬುಡು ಎನ್ನುತ್ತಿದ್ದೆ. ನೋಟಿಸಿಗೆ ಅಂಗಡಿಯವರು ಬಗ್ಗಲಿಲ್ಲ. ದೂರನ್ನಂತೂ ತಮ್ಮ ಘನ ಸನ್ನಿಧಾನದಲ್ಲಿ ಎಂದೆಲ್ಲ ನಾಲ್ಕು ಪುಟ ಬರೆದೆ. ಓದಿಸಿ ಕೇಳಿದ ಅತ್ತೆ, ಇದರಲ್ಲಿ ಗ್ರೈಂಡರು ಎಲ್ಲಿ ಎಂದು ಕೇಳಿದಳು. ಒಂದು ಪುಟಕ್ಕೆ ಇಳಿಸಿದೆ.

ಸಾಕ್ಷಿ ಅಂಗಡಿಯ ಗೋಡೆಯ ಮೇಲೆಯೇ ಇತ್ತು. ನಮ್ಮಲ್ಲಿ ಕೊಂಡ ಸಾಮಾನಿಗೆ ಮಾತ್ರ ಹೆಸರು ಹಾಕಿಕೊಡಲಾಗುವುದು ಎಂಬ ಬೋರ್ಡಿನ ಫೋಟೋ ತೆಗೆದುಕೊಂಡೆ. ಆ ಫೋಟೋ, ಟವೆಲ್ಲಿನಲ್ಲಿ ಗಂಟು ಕಟ್ಟಿದ ಸ್ಟೀಲು ಪಾತ್ರೆ, ನಾವಿಬ್ಬರು, ಮಂಡ್ಯದ ಬಸ್ಸು. ದಾರಿಯುದ್ದಕ್ಕೂ ಅತ್ತೆ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದಳು. ಹಾಗೆ ಎರಡು ಮೂರು ಸಲ ಹೋಗಿಬಂದೆವು. ಅಂಗಡಿಯವರು ಅಲ್ಲಿಗೂ ಅದೇ ಉತ್ತರ ಬರೆದುಕೊಟ್ಟಿದ್ದರು.

ವಿಚಾರಣೆಯ ದಿನ ಆಯೋಗದ ಸದಸ್ಯೆ ಪಾತ್ರೆಯನ್ನು ತಿರುಗಿಸಿ ಹೆಸರು ಓದಿದರು, ಬೋರ್ಡಿನ ಫೋಟೋ ನೋಡಿದರು. ಆಮೇಲೆ ಪಾತ್ರೆಯನ್ನು ಅಂಗಡಿಯವರ ಮುಂದಿಟ್ಟು, ಈ ಅಕ್ಷರ ಯಾರದು ಎಂದು ಕೇಳಿದರು. ಆತ ಕನ್ನಡಕ ಹಾಕಿಕೊಂಡು ಬಗ್ಗಿದರು. ಬೆರಳು ತಾನಾಗಿ ಅಕ್ಷರಗಳ ಮೇಲೆ ಹರಿದಾಡಿತು. ಅಲ್ಲ ಎಂದಿದ್ದರೆ ಹೌದು ಎನ್ನಿಸುವುದು ನಮಗೆ ಕಷ್ಟವಿತ್ತು. ಆದರೆ ಅಷ್ಟು ದುಂಡಗಿನ ಅಕ್ಷರವನ್ನು ಬೇರೆಯವರದು ಎನ್ನಲು ಅವರಿಗೆ ಮನಸ್ಸಾಗಲಿಲ್ಲವೆಂದು ಕಾಣುತ್ತದೆ.

"ನಂದೇ ಮೇಡಂ," ಎಂದರು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಪಾತ್ರೆಯ ಮೇಲಿನ ತಾರೀಖು ಹಿಡಿದು ಅಂಗಡಿಯ ಬಿಲ್ಲು ಪುಸ್ತಕ ತೆಗೆಸಿದಾಗ ನಕಲು ಸಿಕ್ಕಿತು. ಹೊಸ ಗ್ರೈಂಡರು ಕೊಡಬೇಕು, ಓಡಾಟದ ಖರ್ಚನ್ನೂ ಕೊಡಬೇಕು ಎಂದು ಆದೇಶವಾಯಿತು. ಅಂಗಡಿಯವರೇ ಆಟೋದಲ್ಲಿ ತಂದಿಳಿಸಿದರು. ಅತ್ತೆ ಅವರಿಗೆ ಮಣೆ ಹಾಕಿ, "ಎಸ್ರು ಆಕ್ಕೊಡಿ, ಪೂರ್ತಿ," ಎಂದಳು. ಅವರು ಜಗುಲಿಯ ಮೇಲೆ ಕೂತು ತಂದಿದ್ದ ಮಿಷನ್ನು ಹಚ್ಚಿದರು. ಝುಂಯ್ ಎಂಬ ಸದ್ದು ಹೊಳೆಯವರೆಗೂ ಹೋಯಿತು. ಕೆಲಸ ಮುಗಿದ ಮೇಲೆ ಅತ್ತೆ ಕೊಟ್ಟ ನಾಲ್ಕು ಇಡ್ಲಿಯನ್ನು ಅವರು ತಲೆ ತಗ್ಗಿಸಿ ತಿಂದರು. ಹೊಸ ಬಿಲ್ಲು ದೇವರ ಪಟದ ಹತ್ತಿರ ಸುಳಿಯದೆ ನೇರ ಟ್ರಂಕಿನೊಳಗೆ ಹೋಯಿತು.

"ಸಾರ್, ಹೆಸರು?" ಗಲ್ಲಾದ ಹೆಂಗಸು ಇನ್ನೊಮ್ಮೆ ಕೇಳಿದರು. ನಾನು ಸುಮ್ಮನಿದ್ದದ್ದು ನೋಡಿ ಶಾರದೆ ನನ್ನ ಹೆಸರು ಹೇಳಲು ಬಾಯಿ ತೆರೆದಳು. ನಮ್ಮ ಮನೆಯ ಡಬ್ಬ, ತಟ್ಟೆ, ಕೊಡಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು, ಎಲ್ಲದರ ಮೇಲೂ ನಾನೇ.

"ಶಾರದ ಅಂತ ಬರೀರಿ," ಎಂದೆ. "ಕುಕ್ಕರಿನ ಮೇಲೂ ಅದನ್ನೇ ಹಾಕಿ."

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ಬಸ್ಸಿನಲ್ಲಿ ಚೀಲವನ್ನು ನನ್ನ ಕೈಗೆ ಕೊಡಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡಳು. ಮನೆ ಬರುವಷ್ಟರಲ್ಲಿ ಬಿಲ್ಲನ್ನು ಮೂರು ಸಲ ಬಿಚ್ಚಿ ಓದಿದಳು.