ಕುದುರೆಯ ಮೂತ್ರ, ಅವ್ವನ ಗುಳಿಗೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಣೆ ಕ್ಯಾಂಪಿನ ಪಕ್ಕದ ರೇಸ್ ಮೈದಾನದಲ್ಲಿ ಕುದುರೆಗಳ ಮೂತ್ರ ಹಿಡಿಯುವ ಕೆಲಸದಲ್ಲಿದ್ದೆ. ಊರಿನ ಬೀಗರು ಕೇಳಿದರೆ ‘ಲ್ಯಾಬಿನ ಕೆಲಸ’ ಎನ್ನುತ್ತಿದ್ದೆ. ಧಾರವಾಡದಲ್ಲಿ ವಿಜ್ಞಾನ ಓದಿ ಬಂದವನು ಕೋಲಿನ ತುದಿಗೆ ಡಬ್ಬಿ ಕಟ್ಟಿಕೊಂಡು ಕುದುರೆಯ ಹೊಟ್ಟೆಯಡಿ ಹಿಡಿದು ಕಾಯುತ್ತೇನೆ ಎಂದು ಯಾವ ಬಾಯಿಂದ ಹೇಳಲಿ?

ಗೆದ್ದ ಕುದುರೆ ಓಟ ಮುಗಿದ ಕೂಡಲೇ ನಮ್ಮ ಕೊಠಡಿಗೆ ಬರಬೇಕು. ಮೂತ್ರ ಹೆಚ್ಚಿಸುವ ಒಂದು ಮದ್ದಿದೆ. ಓಟದ ರಭಸಕ್ಕೆ ಕುದುರೆಯ ಶ್ವಾಸಕೋಶದಲ್ಲಿ ರಕ್ತ ಒಸರುವುದನ್ನು ಅದು ತಗ್ಗಿಸುತ್ತದೆ. ಜೊತೆಗೆ ಮೂತ್ರವನ್ನು ನೀರು ಮಾಡಿ ಬೇರೆ ಮದ್ದುಗಳ ಸುಳಿವನ್ನೂ ಅಳಿಸಿಬಿಡುತ್ತದೆ. ಹಾಗಾಗಿ ಓಟದ ದಿನ ಅದು ಕುದುರೆಯ ಮೈಯಲ್ಲಿ ಇರಲೇಬಾರದು. ನಾನು ಒಂದು ಹನಿಯನ್ನು ಗಾಜಿನ ಮೇಲಿಟ್ಟು ಎಷ್ಟು ಗಟ್ಟಿ ಇದೆ ಎಂದು ನೋಡಿ, ಉಳಿದದ್ದನ್ನು ಬಾಟಲಿಗೆ ತುಂಬಿ, ಅರಗಿನ ಮುದ್ರೆ ಒತ್ತಿ ಪರೀಕ್ಷೆಗೆ ಕಳಿಸುತ್ತಿದ್ದೆ.

ಕುದುರೆ ಏನು ಸರ್ಕಾರಿ ನೌಕರನೇ, ಹೇಳಿದ ಹೊತ್ತಿಗೆ ಹುಯ್ಯಲು? ಒಮ್ಮೊಮ್ಮೆ ಗಂಟೆಗಟ್ಟಲೆ ಕಾಯಬೇಕಾಗುತ್ತಿತ್ತು. ಆದರೆ ಇಂಡಿ ಕಡೆಯ ಒಬ್ಬ ಮುದುಕನ ಕುದುರೆ ಮಾತ್ರ ಹಾಗಲ್ಲ. ಲಾಯದಲ್ಲಿ ಅದರ ಚಾಕರಿ ಮಾಡುತ್ತಿದ್ದ ಆತ ಸಣ್ಣಗೆ ಸಿಳ್ಳೆ ಹಾಕಿದರೆ ಸಾಕು, ಎರಡು ನಿಮಿಷದಲ್ಲಿ ಅದು ಹಿಂಗಾಲು ಅಗಲಿಸಿ ನಿಲ್ಲುತ್ತಿತ್ತು. ಅಲ್ಲಿ ನನ್ನೊಡನೆ ಕನ್ನಡ ಮಾತಾಡುವವನು ಅವನೊಬ್ಬನೇ. ನಾನು ಕಾಕಾ ಎನ್ನುತ್ತಿದ್ದೆ.

ಒಂದು ದಿನ ನೋಡಿದರೆ ಕಾಕಾನ ಪಾದಗಳು ಊದಿ ಚಪ್ಪಲಿಯಿಂದ ಹೊರಗೆ ಉಕ್ಕಿದ್ದವು.

“ದವಾಖಾನಿಗೆ ತೋರಿಸ್ರಿ ಕಾಕಾ.”

“ಕುದರಿ ಬಿಟ್ಟು ಎಲ್ಲಿ ಹೋಗ್ಲಿರಿ ಸಾಹೇಬ್ರ?”

ಹಡಪಸರದ ನಮ್ಮ ಮನೆಯಲ್ಲಿ ಅವ್ವನಿಗೂ ಕಾಲು ಊದುತ್ತಿತ್ತು. ಡಾಕ್ಟರು ಗುಳಿಗೆ ಬದಲಿಸಿದ್ದರಿಂದ ಹಳೆಯವು ಐದಾರು ಪಟ್ಟಿ ಹಾಗೇ ಉಳಿದಿದ್ದವು. ಉಳಿದ ಗುಳಿಗೆ ಬಿಸಾಡುವ ಮನೆತನ ನಮ್ಮದಲ್ಲ. ಯಾರಿಗಾದರೂ ಕೊಟ್ಟೇ ಸಮಾಧಾನ. ಮರುದಿನ ತಂದು ಕಾಕಾನ ಕೈಗಿಟ್ಟು, ಮುಂಜಾನೆ ಒಂದೊಂದು ತಗೊಳ್ಳಿ ಎಂದೆ. ವಾರದೊಳಗೆ ಅವನ ಕಾಲು ಇಳಿಯಿತು, ನಾನು ಉಬ್ಬಿದೆ.

ಮುಂದಿನ ತಿಂಗಳು ಕಾಕಾನ ಕುದುರೆ ಗೆದ್ದಿತು. ಮೂತ್ರ ಕಡು ಹಳದಿ, ಶೇಂಗಾ ಎಣ್ಣೆಯಷ್ಟು ಗಟ್ಟಿ. ಯಾವ ಅನುಮಾನವೂ ಇಲ್ಲದೆ ಮುದ್ರೆ ಒತ್ತಿದೆ. ಕೆಲವು ದಿನಗಳ ಮೇಲೆ ವರದಿ ಬಂತು: ಇದರಲ್ಲಿ ಆ ಮದ್ದಿದೆ! ನನಗೆ ಸಿಡಿಲು ಬಡಿದಂತಾಯಿತು. ಕುದುರೆಯ ಮಾಲೀಕರು, ತರಬೇತುದಾರರು ಎಲ್ಲರೂ ಒಂದೇ ಮಾತು ಹೇಳಿದರು: ಹಗಲೂ ರಾತ್ರಿ ಕುದುರೆಯ ಜೊತೆ ಇರುವವನು ಆ ಮುದುಕ, ಅವನನ್ನೇ ಕೇಳಿ. ತಪ್ಪು ಅವನದೇ ಎಂದಾದರೆ ಮೈದಾನದೊಳಗೆ ಬಿಡುವ ಪಾಸ್ ಕಿತ್ತುಕೊಳ್ಳುತ್ತಾರೆ. ಲಾಯದ ಪಕ್ಕದ ಖೋಲಿಯೇ ಅವನ ಮನೆ, ಆ ಕುದುರೆಯೇ ಅವನ ಸಂಸಾರ. ಪಾಸ್ ಹೋದರೆ ಎರಡೂ ಹೋದಂತೆ.

ನನಗೋ ಸಿಟ್ಟು ನೆತ್ತಿಗೇರಿತು. ಕಾಕಾ ಕಾಕಾ ಅಂತ ಕರೆದದ್ದಕ್ಕೆ ಕಣ್ಣಿಗೆ ಮಣ್ಣೆರಚಿದನಲ್ಲ! ಆದರೆ ಮದ್ದು ಕೊಟ್ಟಿದ್ದರೆ ಮೂತ್ರ ನೀರಾಗಬೇಕಿತ್ತು, ಅದೊಂದು ಬಗೆಹರಿಯಲಿಲ್ಲ. ಮಧ್ಯಾಹ್ನ ಜಗಳಕ್ಕೇ ಎಂದು ಲಾಯಕ್ಕೆ ಹೋದೆ.

ಕಾಕಾ ಕುದುರೆಯ ಪಕ್ಕದಲ್ಲೇ, ನನಗೆ ಬೆನ್ನು ಮಾಡಿ, ಧೋತರ ಎತ್ತಿಕೊಂಡು ನಿಂತಿದ್ದ. ಸಿಳ್ಳೆ ಹಾಕುತ್ತ, ಕೆಳಗೆ ಹಾಸಿದ ಹುಲ್ಲಿನ ಮೇಲೆ ಆರಾಮಾಗಿ ಮೂತ್ರ ಹುಯ್ಯುತ್ತಿದ್ದ. ಕುದುರೆಯೂ ಕಾಲು ಅಗಲಿಸಿತು.

“ಏನ್ರೀ ಇದು ಕಾಕಾ!”

ಅವನಿಗೆ ನಾಚಿಕೆಯೇನೂ ಆಗಲಿಲ್ಲ. “ಹಿಂಗ ಕಲಿಸೋದ್ರಿ. ಮರಿ ಇದ್ದಾಗಿಂದ ನಾ ಹೊಯ್ದರ ಅದೂ ಹೊಯ್ತದ. ಬರೇ ಸಿಳ್ಳಿಗೆ ಕಲೀತದೇನ್ರಿ?”

ಅವನು ಹೇಳುತ್ತಿದ್ದಂತೆ ಕುದುರೆ ತಲೆ ತಗ್ಗಿಸಿ ಆ ಒದ್ದೆ ಹುಲ್ಲನ್ನೇ ಎಳೆದು ಜಗಿಯತೊಡಗಿತು. ನನಗೆ ಅವ್ವನ ಗುಳಿಗೆ ನೆನಪಾಯಿತು.

“ಆ ಗುಳಿಗಿ ಇನ್ನೂ ತಗೋತೀರೇನು?”

“ಒಂದಿನಾನೂ ತಪ್ಪಿಸಿಲ್ರಿ,” ಎಂದು ಸೊಂಟದಿಂದ ಗುಳಿಗೆಯ ಪಟ್ಟಿ ತೆಗೆದು ತೋರಿಸಿದ. ಕಂಪನಿಯ ಹೆಸರಿನ ಕೆಳಗೆ, ಇರುವೆಯಂಥ ಅಕ್ಷರಗಳಲ್ಲಿ ಮದ್ದಿನ ನಿಜವಾದ ಹೆಸರಿತ್ತು. ಆರು ವರ್ಷದಿಂದ ನಾನು ಹುಡುಕಿ ಹಿಡಿಯುತ್ತಿದ್ದ ಅದೇ ಹೆಸರು. ಅವ್ವನಿಗೆ ದಿನಾ ಕೈಯಾರೆ ಕೊಟ್ಟಿದ್ದೆ, ಒಮ್ಮೆಯೂ ಓದಿರಲಿಲ್ಲ.

ವಿಚಾರಣೆಯಲ್ಲಿ ನಾನೇ ಎದ್ದು ನಿಂತು ಹುಲ್ಲಿನ ಸಂಗತಿ, ಕಾಕಾ ದಿನಾ ನುಂಗುವ ಗುಳಿಗೆಯ ಸಂಗತಿ ಹೇಳಿದೆ. ಮೊದಲು ಎಲ್ಲರೂ ನಕ್ಕರು. ಪಶುವೈದ್ಯರು ವರದಿಯನ್ನು ಮತ್ತೆ ತಿರುವಿ ನೋಡಿ, ಸಿಕ್ಕಿರುವುದು ಬರೀ ಲೇಶ, ಮೂತ್ರ ನೀರಾಗುವಷ್ಟೂ ಇಲ್ಲ, ಹೀಗೂ ಆಗಬಹುದು ಎಂದಾಗ ನಗು ನಿಂತಿತು. ಆಮೇಲೆ ಹಿರಿಯ ಅಧಿಕಾರಿ ಕೇಳಿದರು, ಇವನಿಗೆ ಗುಳಿಗೆ ಕೊಟ್ಟವರು ಯಾರು?

ಹೇಳಬೇಕೆಂದೇ ಬಂದಿದ್ದೆ, ದೇವರಾಣೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾಕಾ ಮರಾಠಿಯಲ್ಲಿ, “ಮೀಚ ಆಣಲ್ಯಾ ಸಾಹೇಬ,” ಎಂದುಬಿಟ್ಟ. ನಾನೇ ತಂದದ್ದು ಎಂದ. ಅಧಿಕಾರಿ ನನ್ನತ್ತ ನೋಡಿದರು. ಅಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ನೌಕರಿ ಕಣ್ಣ ಮುಂದೆ ಬಂತು. ಮೇಜಿನ ಮೇಲಿನ ಪೆನ್ನನ್ನು ನೋಡುತ್ತ ಸುಮ್ಮನೆ ಕೂತೆ. ಅಂದು ಅಲ್ಲಿ ಕೂತಿದ್ದವನು ನಾನೇ ಎಂದು ಈಗಲೂ ನಂಬಲಾಗುವುದಿಲ್ಲ.

ಕುದುರೆಗೆ ಮದ್ದು ಹಾಕಿದ ಆರೋಪ ಬಿದ್ದುಹೋಯಿತು. ಆದರೆ ಲಾಯ ಹೊಲಸು ಮಾಡಿದ್ದಕ್ಕೆ, ಕೇಳದೆ ಔಷಧಿ ಒಳಗೆ ತಂದದ್ದಕ್ಕೆ ಕಾಕಾನ ಪಾಸ್ ಕಿತ್ತುಕೊಂಡರು. ಕುದುರೆಯನ್ನು ಬೇರೆಯವನಿಗೆ ವಹಿಸಿದರು.

ಸಂಜೆ ಗೇಟಿನ ಹೊರಗೆ ಅವನು ಗಂಟು ಇಟ್ಟುಕೊಂಡು ನಿಂತಿದ್ದ. ಈಗಲಾದರೂ ಬೈಯಲಿ ಎಂದುಕೊಂಡು ಹತ್ತಿರ ಹೋದೆ. ಅವನು ಸೊಂಟಕ್ಕೆ ಕೈ ಹಾಕಿ ಅದೇ ಪಟ್ಟಿಯನ್ನು ತೆಗೆದು ನನ್ನ ಮುಂದೆ ಹಿಡಿದ.

“ಸಾಹೇಬ್ರ, ಇನ್ನ ನಾಕ ಉಳದಾವ್ರಿ. ತಗೊಳ್ಳೋದೋ, ಬಿಡೋದೋ? ನೀವು ಹೇಳಿದಂಗ ಮಾಡ್ತೀನ್ರಿ.”