ಮಲ್ಲಪ್ಪ ಮಾಸ್ತರರ ಪಾಟಿ

ಮಲ್ಲಪ್ಪ ಮಾಸ್ತರರು ಹಾಡನ್ನು ಎಂದೂ ಕಾಗದದ ಮೇಲೆ ಬರೆದವರಲ್ಲ. ಎಲ್ಲವೂ ಪಾಟಿಯ ಮೇಲೆ. ಬಳಪದಿಂದ ಒಂದು ಸಾಲು ಗೀಚುವುದು, ಹಾರ್ಮೋನಿಯಂ ಮೇಲೆ ಬಾರಿಸಿ ನೋಡುವುದು, ಸರಿ ಬರದಿದ್ದರೆ ಹೆಬ್ಬೆರಳಿಗೆ ಉಗುಳು ಹಚ್ಚಿ ತಿಕ್ಕಿಬಿಡುವುದು. "ಕಾಗದಾ ಬಳಸಿದ್ರ ಹಳೇದರ ಮ್ಯಾಲ ಮಾಯಾ ಹತ್ತತೈತಿ" ಎನ್ನುತ್ತಿದ್ದರು.

ವಿಜಾಪುರದ ಜೋರಾಪುರ ಪೇಟೆಯಲ್ಲಿ ಅವರ ಮಾಳಿಗೆ. ಬಬಲೇಶ್ವರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ನಾನು ರವಿವಾರಕ್ಕೊಮ್ಮೆ ತಬಲಾ ಬಾರಿಸಲು ಅಲ್ಲಿಗೆ ಹೋಗುತ್ತಿದ್ದೆ. ಊರಿನಲ್ಲಿ ಸಾಹುಕಾರ, ಅಲ್ಲಿ ಬೈಗುಳದ ಗಿರಾಕಿ. "ಲೇ, ಅರಿಬಿ ಅಳದಂಗ ತಾಳ ಅಳೀಬ್ಯಾಡ!" ಅರಕೇರಿಯಿಂದ ಒಬ್ಬ ಗಂಟಲು ತೋರಿಸಲು ಬಂದಿದ್ದ. ಪೂರ್ತಿ ಕೇಳಿ ಮಾಸ್ತರರು, "ಧ್ವನಿ ಛಲೋ ಐತಿ ತಮ್ಮಾ, ಹೊಲದಾಗ ಹಕ್ಕಿ ಓಡಿಸಾಕ" ಎಂದರು. ಅವನ ಕಣ್ಣಲ್ಲಿ ನೀರು ಬಂತು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆದರೂ ಆ ಮನುಷ್ಯನ ಕಿವಿಗೆ ಸಮನಾದ ಕಿವಿ ನಾನು ಮತ್ತೆ ಕಾಣಲಿಲ್ಲ, ಅದಕ್ಕೇ ಬೈಸಿಕೊಳ್ಳಲು ಮತ್ತೆ ಮತ್ತೆ ಹೋಗುತ್ತಿದ್ದೆ.

ಮುಂಬಯಿಯ ರೆಕಾರ್ಡಿನ ಕಂಪನಿಯೊಂದು ಬೀಸುಕಲ್ಲಿನ ಹಾಡು ಬೇಕೆಂದು ಕೇಳಿದಾಗ ಮಾಸ್ತರರು ಆ ಹಾಡಿಗೆ ಹೆಸರಾಗಿದ್ದ ತಿಕೋಟಾದ ಗಂಗವ್ವನನ್ನು ಕರೆಸಿದರು. ಮೊದಲ ದಿನ ಆಕೆ ಗೋಡೆಗೆ ಮುಖ ಮಾಡಿ ಕೂತು, ಬೀಸುಕಲ್ಲಿಲ್ಲದೆ ಬರಿಗೈ ತಿರುಗಿಸುತ್ತ, ಕಾಲು ಗಂಟೆ ಹಾಡಿದಳು. ಕೊನೆಯ ನುಡಿ ಆಕೆಯದಲ್ಲ. ಕಲ್ಲಿನ ಆಚೆ ಬದಿ ಕೂತು ಗೂಟಕ್ಕೆ ಕೈ ಕೂಡಿಸುತ್ತಿದ್ದ ಮಗಳು ಸಂಗವ್ವ ಕಟ್ಟಿದ್ದು. ಹದಿನಾರರ ಹುಡುಗಿ, ಹಿಂದಿನ ವರ್ಷ ಜ್ವರ ಬಂದು ಹೋಗಿಬಿಟ್ಟಿದ್ದಳು.

"ಮಗಳ ನುಡಿ ಪ್ಲೇಟಿನಾಗ ಉಳೀಬೇಕ್ರಿ. ನನಗ ಮತ್ತೇನೂ ಬ್ಯಾಡ್ರಿ" ಎಂದಳು ಗಂಗವ್ವ.

"ಉಳಸೂಣು ಬೇ. ಆದ್ರ ಹಿಂಗ ಒರಟ ಇದ್ರ ಯಾರ ಕೇಳ್ತಾರ?"

ಒರಟು ತೆಗೆಯಲು ಮೂರು ತಿಂಗಳು ಹಿಡಿಯಿತು. ಸಂಗವ್ವ ಜೋಳ ಅಂದಿದ್ದಳು, ಪೇಟೆಯವರಿಗೆ ರುಚಿಸದೆಂದು ಮಾಸ್ತರರು ಅದನ್ನು ಮುತ್ತು ಮಾಡಿದರು. ಮುತ್ತು ತಾಳಕ್ಕೆ ಗಿಡ್ಡವಾಯಿತೆಂದು ಮುಂದಿನ ವಾರ ಇನ್ನೇನೋ ಆಯಿತು. ಗಂಗವ್ವ ತಡವರಿಸಿ, "ನಮ್ಮ ಸಂಗಿ ಹಿಂಗ ಅಂದಿಲ್ರಿ" ಎಂದರೆ, "ನಿಮ್ಮ ಸಂಗಿಗೆ ತಾಳ ಗೊತ್ತಿರಲಿಲ್ಲ ಬೇ" ಎನ್ನುವರು. ತಿರುಗುವ ಕೈಯ ಬಳೆ ಸದ್ದು ಮೈಕಿಗೆ ಬೀಳುತ್ತದೆಂದು ಆಕೆಯ ಬಲಗೈಯನ್ನು ಟುವಾಲಿನಿಂದ ಮೊಣಕಾಲಿಗೆ ಕಟ್ಟಿಸಿದರು. ಗಂಟು ಹಾಕಿದವನು ನಾನೇ.

ಮುಂಬಯಿಯಲ್ಲಿ ಕಂಪನಿಯವರು ಗಡಿಯಾರ ತೋರಿಸಿದರು. ಪ್ಲೇಟಿನ ಒಂದು ಮಗ್ಗುಲಿಗೆ ಮೂರೇ ನಿಮಿಷ. ತಿದ್ದಿ ಕತ್ತರಿಸಿದ ಮೇಲೂ ನಮ್ಮ ಹಾಡು ಮೂರೂವರೆ. "ಕಡೀ ನುಡಿ ಬಿಡು" ಎಂದರು ಮಾಸ್ತರರು, ಕಣ್ಣು ಸಹ ಮಿಟುಕಿಸದೆ. ಗಂಗವ್ವ ಬಾಯಿ ಬಿಗಿದು ಕೂತಳು. "ಆ ಮಗ್ಗಲಾಗ ಅದನ್ನ ಹಾಕೂಣು, ಮೊದಲ ಇದನ್ನ ಹಾಡು" ಎಂದು ರಮಿಸಿದರು. ನಂಬಿ ಹಾಡಿದಳು.

ರೆಕಾರ್ಡಿನ ಪ್ಲೇಟು ಮಾಳಿಗೆಗೆ ಬಂತು. ಸುಳ್ಳು ಯಾಕೆ ಹೇಳಲಿ, ಹಾಡು ಬಂಗಾರದಂತಿತ್ತು. ಕೇಳಲು ಬಂದಿದ್ದ ಗಂಗವ್ವ, "ಆ ಮಗ್ಗಲ ಹಾಕ್ರಿ" ಎಂದಳು. ಮಗುಚಿ ಹಾಕಿದರೆ ಬರೀ ಮಾಸ್ತರರ ಹಾರ್ಮೋನಿಯಂ.

ಆಕೆ ಅದನ್ನೂ ಕೊನೆತನಕ ಕೇಳಿದಳು. "ಹೋಗ್ಲಿ ಬಿಡ್ರಿ. ಸಂಗಿ ಮೊದಲ ಹೆಂಗ ಅಂದಿದ್ಲು, ಅದನ್ನರ ಹೇಳ್ರಿ. ನೀವು ತಿದ್ದಿ ತಿದ್ದಿ, ಈಗ ಬೀಸಾಕ ಕುಂತ್ರ ನಿಮ್ಮ ಮಾತ ಬರ್ತಾವ. ಯಾವು ಆಕಿವು, ಯಾವು ನಿಮ್ಮವು, ತಿಳಿವಲ್ದು."

"ಪಾಟಿ ಮ್ಯಾಲಿಂದು ಯಾರ ನೆಪ್ಪಿಡ್ತಾರ ಬೇ?"

ಆಕೆ ನನ್ನತ್ತ ತಿರುಗಿದಳು. "ಯಪ್ಪಾ, ಮೊದಲನೇ ದಿನ ನೀವೂ ಇದ್ರೆಲ್ರಿ?"

ಇದ್ದೆ. ಆದರೆ ನಾನು ಎಣಿಸಿದ್ದು ತಾಳದ ಮಾತ್ರೆಗಳನ್ನು, ಜೋಳವೆಂಬ ಒಂದು ಮಾತು ಬಿಟ್ಟರೆ ನುಡಿ ಕಿವಿಗೆ ಬಿದ್ದೇ ಇರಲಿಲ್ಲ. ಆ ಮುಖಕ್ಕೆ ಇಲ್ಲ ಎನ್ನಲಾಗದೆ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಕೈ ಸೋತರ ಬಿಡು ಅವ್ವಾ, ಗೂಟ ನಾ ಹಿಡಿತೇನಿ."

ಗಂಗವ್ವನ ತುಟಿಗಳು ಎರಡು ಸಲ ಅಲುಗಿದವು. "ಹೌದ್ರಿ ಯಪ್ಪಾ! ಇದ, ಇದ ನನ್ನ ಸಂಗೀದು!" ಕಣ್ಣೊರೆಸಿಕೊಂಡು ನನಗೆ ಕೈ ಮುಗಿದು, ಅದನ್ನೇ ಗುನುಗುತ್ತ ಮೆಟ್ಟಿಲಿಳಿದಳು.

ಮಾಸ್ತರರು ನಕ್ಕರು. "ಛಲೋ ಕಟ್ಟೀಯಲೇ ಸಾಹುಕಾರ. ಆದ್ರ ಆ ಹುಡಿಗೀದು ಇನ್ನೂ ಛಲೋ ಇತ್ತು." ಹಾಗೆಂದು ಹಾರ್ಮೋನಿಯಂ ಎಳೆದುಕೊಂಡು, ಸಂಗವ್ವನ ನುಡಿಯನ್ನು ಒಂದಕ್ಷರ ಬಿಡದೆ ಹಾಡಿ ತೋರಿಸಿದರು. ಜೋಳ ಜೋಳವಾಗಿಯೇ ಇತ್ತು.

"ಗೊತ್ತಿದ್ದೂ ಯಾಕ ಹೇಳ್ಲಿಲ್ರಿ?" ಎಂದು ಎದ್ದು ನಿಂತೆ.

"ಹೇಳಿದ್ರ ಆಕಿ ಮತ್ತ ಒರಟ ಹಾಡ್ತಾಳ. ನಾ ಮೂರ ತಿಂಗಳ ತಿದ್ದಿದ್ದು ನೀರಾಗ ಹೋಗ್ಲೇನು?"

ತಬಲಾ ಅಲ್ಲೇ ಬಿಟ್ಟು ಇಳಿದೆ. ಅವರನ್ನು ಕಂಡದ್ದು ಅದೇ ಕೊನೆ.

ಮರುದಿನ ನಸುಕಿನಲ್ಲಿ, ನಿಜವಾದ ನುಡಿ ಹೇಳಿಬಿಡಬೇಕೆಂದು ತಿಕೋಟಾಕ್ಕೆ ಹೋದೆ. ಗಂಗವ್ವನ ಮನೆಯೊಳಗೆ ಬೀಸುಕಲ್ಲು ತಿರುಗುತ್ತಿತ್ತು. "ಕೈ ಸೋತರ ಬಿಡು ಅವ್ವಾ" ಎಂದು ಹಾಡುತ್ತಿದ್ದಳು, ಮಗಳು ಎದುರಿಗೇ ಕೂತಿದ್ದಾಳೇನೋ ಎನ್ನುವಷ್ಟು ಅಕ್ಕರೆಯಿಂದ. ಬಾಗಿಲ ತನಕ ಹೋದವನು ಹಾಗೇ ತಿರುಗಿ ಬಂದೆ.

ಮಾಸ್ತರರು ತೀರಿಕೊಂಡಾಗ ಮಣ್ಣಿಗೆ ಹೋಗಲಿಲ್ಲ. ಅವರನ್ನು ಬೈಯುವ ಬಾಯಿಯೂ ನನಗಿಲ್ಲ. ಸಂಗವ್ವನ ನುಡಿ ಈಗ ಗೊತ್ತಿರುವುದು ನನ್ನೊಬ್ಬನಿಗೆ, ಅವಳ ತಾಯಿಗೆ ನಾನದನ್ನು ಹೇಳಲೇ ಇಲ್ಲ.