ಆರನೇ ಮಂಚದ ಚಾಮುಂಡಮ್ಮ

ಹಾರನಹಳ್ಳಿಯ ರಮ್ಯಾ ನರ್ಸಿಂಗ್ ಪಾಸಾದಾಗ ಮನೆಯವರು ಬೀದಿಗೆಲ್ಲ ಮೈಸೂರುಪಾಕು ಹಂಚಿದ್ದರು. ಹ್ಯಾಂಡ್‌ಪೋಸ್ಟ್ ಎಂಬ ಊರಿನ ಹತ್ತಿರದ ಸಣ್ಣ ಆಸ್ಪತ್ರೆಗೆ ಸೇರಿ ಇಪ್ಪತ್ತೆರಡು ದಿನವಾಗಿತ್ತು. ಓದಿದ್ದು ತಲೆಯಲ್ಲಿತ್ತು, ಕೈಗಿನ್ನೂ ಇಳಿದಿರಲಿಲ್ಲ.

ಹೆಂಗಸರ ವಾರ್ಡಿನಲ್ಲಿ ಇಬ್ಬರು ಚಾಮುಂಡಮ್ಮಂದಿರು. ಬೆಟ್ಟದ ತಾಯಿಯ ಹೆಸರು ಈ ಸೀಮೆಯಲ್ಲಿ ಮನೆಗೊಬ್ಬರಿಗೆ ಇದ್ದೇ ಇರುತ್ತದೆ, ಯಾರನ್ನು ಬೈಯುವುದು? ಚೀಟಿಯ ಪ್ರಕಾರ ಆರನೇ ಮಂಚದಾಕೆ ನಿಂಗಯ್ಯನ ಹೆಂಡತಿ, ಸಕ್ಕರೆ ಕಾಯಿಲೆ, ತಿಂಡಿಗೆ ಮೊದಲು ಇನ್ಸುಲಿನ್. ಒಂಬತ್ತನೇ ಮಂಚದಾಕೆ ಮುದ್ದಯ್ಯನ ಹೆಂಡತಿ, ಬರೀ ಜ್ವರ.

ಆ ಬೆಳಿಗ್ಗೆ ಆರನೇ ಮಂಚದ ಮುದುಕಿಯ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ತೊಂಬತ್ತು, ಕಾಯಿಲೆಯೇ ಇಲ್ಲದವರ ಹಾಗೆ. ಸೇರಿದ ದಿನ ಮುನ್ನೂರು ದಾಟಿತ್ತೆಂದು ಚೀಟಿ ಹೇಳುತ್ತಿತ್ತು. ರಮ್ಯಾ ಸಿರಿಂಜನ್ನು ಮತ್ತೆ ಟ್ರೇಯಲ್ಲಿಟ್ಟಳು.

"ಅಜ್ಜಿ, ನಿಮ್ ಹೆಸ್ರು?"

"ಚಾಮುಂಡಮ್ಮ ಕಣವ್ವ."

"ಯಜಮಾನ್ರದ್ದು?"

ಮುದುಕಿ ಸೆರಗನ್ನು ಬಾಯಿಗೊತ್ತಿಕೊಂಡಳು. "ಗಂಡನ ಎಸ್ರ ಬಾಯ್ಬುಟ್ಟು ಯೋಳಾರಾ?"

ಐವತ್ತು ವರ್ಷ ಬಾಳಿದರೂ ನಾಲಿಗೆಗೆ ತರದ ಹೆಸರನ್ನು ನಿನ್ನೆ ಮೊನ್ನೆ ಬಂದ ಹುಡುಗಿಗೆ ಹೇಳುತ್ತಾಳೆಯೇ? ಕೊನೆಗೆ ಎದುರು ಮಂಚದ ಚಿಕ್ಕಬೀರಮ್ಮ ಬಾಯಿ ಬಿಟ್ಟಳು. "ಮುದ್ದಯ್ಯನ ಎಂಡ್ರು ಕಣವ್ವ. ಫ್ಯಾನಿನ ಗಾಳಿಗೆ ಚಳಿ ಅಂತ ಮೊನ್ನೆ ಸಂಜೆ ಇಬ್ರೂ ಮಂಚ ಬದ್ಲಾಯಿಸ್ಕಂಡ್ರು."

ಸದ್ಯ, ಚುಚ್ಚಲಿಲ್ಲ ಎಂದು ರಮ್ಯಾ ಉಸಿರು ಬಿಡುವಷ್ಟರಲ್ಲಿ ಮುದುಕಿ ತೋಳು ಚಾಚಿದಳು.

"ಯಾಕವ್ವ, ಇವತ್ತು ಸೂಜಿ ಇಲ್ವಾ? ನೆನ್ನೆ ಆಕುದ್ಯಲ್ಲ. ಆಮ್ಯಾಕೆ ಮೈಯೆಲ್ಲ ಬೆವತು ಕಣ್ಣು ಕತ್ಲೆ ಬಂತು. ಬೀರಮ್ಮ ಬಾಳೆಹಣ್ಣು ತಿನ್ಸುದ್ಮೇಲೆ ಸುಮಾರಾಯ್ತು."

ನಿನ್ನೆಯ ಗಡಿಬಿಡಿಯಲ್ಲಿ ರಮ್ಯಾ ಬೆರಳು ಚುಚ್ಚಿ ನೋಡಿರಲಿಲ್ಲ, ಹೆಸರನ್ನಷ್ಟೇ ಕೇಳಿ ಇನ್ಸುಲಿನ್ ಕೊಟ್ಟಿದ್ದಳು. ಹೆಸರು ಸರಿಯಾಗಿಯೇ ಇತ್ತು.

ಓಡಿಹೋಗಿ ಹಿರಿಯ ಸಿಸ್ಟರ್ ಪದ್ಮಶ್ರೀಗೆ ಹೇಳಿದಳು. ಪದ್ಮಶ್ರೀ ಡಾಕ್ಟರನ್ನು ಕೇಳಿ ಒಂಬತ್ತನೇ ಮಂಚದಲ್ಲಿದ್ದ ನಿಂಗಯ್ಯನ ಹೆಂಡತಿಗೆ ತಾನೇ ಇನ್ಸುಲಿನ್ ಕೊಟ್ಟಳು. ಆಮೇಲೆ ಮೆಲ್ಲಗೆ ಅಂದಳು, "ನೆನ್ನೇದು ಡಾಕ್ಟರಿಗೆ ಹೇಳಿಲ್ಲ. ಏನೂ ಆಗಿಲ್ವಲ್ಲ, ಬುಡು. ಬಾಯಿ ಬಿಟ್ರೆ ಕೆಲ್ಸ ಹೋಯ್ತದೆ."

ಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ರಮ್ಯಾ ಆರನೇ ಮಂಚದ ಹತ್ತಿರ ಬಂದಾಗ ಮುದುಕಿ ಅವಳ ಕೈ ಹಿಡಿದುಕೊಂಡಳು.

"ನಿನ್ ಕೈ ಬಲು ಅಗುರ ಕಣವ್ವ. ನೆನ್ನೆ ನೋವೇ ಆಗ್ನಿಲ್ಲ. ನಾಳೀಕೂ ನೀನೇ ಬಾ."

ರಮ್ಯಾ ಮಂಚದ ಅಂಚಿನಲ್ಲಿ ಕೂತಳು.

"ಅಜ್ಜಿ, ಆ ಸೂಜಿ ನಿಮ್ದಲ್ಲ. ನಾನು ತಪ್ಪು ಮಾಡ್ದೆ. ನಿಮ್ ಜೀವಕ್ಕೇ ಕುತ್ತಾಗ್ತಿತ್ತು. ಈಗ ಡಾಕ್ಟರಿಗೂ ಹೇಳಿ ಬರ್ತೀನಿ."

ಮುದುಕಿ ಹಿಡಿದಿದ್ದ ಕೈಯನ್ನು ನಿಧಾನವಾಗಿ ಬಿಟ್ಟಳು.